ಕೈಯಳತೆಗೆ ತಕ್ಕ ವೈಡ್ ಲೆನ್ಸ್

(ಚಿಕ್ಕಬಳ್ಳಾಪುರದಲ್ಲಿ ಟ್ರಾವೆಲ್ ವ್ಲಾಗ್ ಮಾಡುವವರು ಸೇರಿದ್ದಾಗ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವ್ಲಾಗ್ ಮಾಡುವವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಸಾರ್, ಕಡಿಮೆ ದುಡ್ಡಿಗೆ ಒಳ್ಳೆ ವೈಡ್ ಲೆನ್ಸ್ ಯಾವುದು?" ಉತ್ತರಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡೋಣ. ಕ್ಯಾಮೆರಾ ತಂದಿರುವವರು ಒಬ್ಬರು ಎದ್ದು ಬನ್ನಿ. ನಿಮ್ಮನ್ನೇ ನೀವು ಶೂಟ್ ಮಾಡುವ ಹಾಗೆ ಕೈ ಚಾಚಿ ಕ್ಯಾಮೆರಾ ಹಿಡಿಯಿರಿ. ಇಲ್ಲಿ ಟೈಲರ್ ಟೇಪ್ ಇದೆ. ಪಕ್ಕದವರು ಇವರ ಕಣ್ಣಿನಿಂದ ಲೆನ್ಸ್‌ವರೆಗೆ ಅಳೆದು ಹೇಳಿ.

65 ಸೆಂಟಿಮೀಟರ್ ಬಂತು. ಎತ್ತರ ಇರುವವರಿಗೆ 70 ಬರಬಹುದು, ಕೆಲವರಿಗೆ 60. ಸಣ್ಣ ಗ್ರಿಪ್ ಸಿಕ್ಕಿಸಿಕೊಂಡರೆ ಇನ್ನೊಂದಿಷ್ಟು ದೂರ ಹೋಗುತ್ತದೆ. ಆದರೆ ಬರಿಗೈಯಲ್ಲಿ ಇಷ್ಟೇ. ಕ್ಯಾಮೆರಾ ಯಾವ ಕಂಪನಿಯದ್ದಾದರೂ ಈ ದೂರ ಬದಲಾಗುವುದಿಲ್ಲ. ಲೆನ್ಸ್ ಹುಡುಕಾಟ ಶುರುವಾಗಬೇಕಾದದ್ದು ಇಲ್ಲಿಂದ.

ಈಗ ಒಂದು ಲೆಕ್ಕ. ಲೆನ್ಸ್ ಮೇಲೆ ಬರೆದ ಮಿ.ಮೀ. ಚಿಕ್ಕದಾದಷ್ಟೂ ನೋಟ ಅಗಲ, ಅದೇ ವೈಡ್. ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ನ (ಚಿತ್ರ ಹಿಡಿಯುವ ಚಿಪ್) ಅಗಲ 36 ಮಿ.ಮೀ. ಈ 36ನ್ನು ಲೆನ್ಸ್‌ನ ಮಿ.ಮೀ.ನಿಂದ ಭಾಗಿಸಿ, ಬಂದದ್ದನ್ನು ದೂರದಿಂದ ಗುಣಿಸಿ. ಅಷ್ಟು ದೂರದಲ್ಲಿ ಫ್ರೇಮಿನೊಳಗೆ ಎಷ್ಟು ಅಗಲ ಹಿಡಿಸುತ್ತದೆ ಅನ್ನುವುದು ಸಿಗುತ್ತದೆ. ನಿಮ್ಮ ಕ್ಯಾಮೆರಾದ್ದು ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರ್ ಆದರೆ ಮೊದಲು ಲೆನ್ಸ್‌ನ ಮಿ.ಮೀ.ಯನ್ನು 1.5ರಿಂದ ಗುಣಿಸಿಕೊಳ್ಳಿ. ಕ್ಯಾನನ್ ಆದರೆ 1.6. ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಆದರೆ 2.

ಇವರ ಕೈಯಲ್ಲಿರುವುದು ಸೋನಿ, ಜೊತೆಗೆ ಬಂದ 16-50 ಕಿಟ್ ಲೆನ್ಸ್. 16ನ್ನು 1.5ರಿಂದ ಗುಣಿಸಿದರೆ 24. 36ನ್ನು 24ರಿಂದ ಭಾಗಿಸಿದರೆ ಒಂದೂವರೆ. ಅದನ್ನು 65ರಿಂದ ಗುಣಿಸಿದರೆ ಸುಮಾರು 97 ಸೆಂ.ಮೀ. ನಮ್ಮ ಭುಜದ ಅಗಲ 45 ಸೆಂ.ಮೀ. ಆಸುಪಾಸು ಅಂತ ಇಟ್ಟುಕೊಳ್ಳಿ. ಫ್ರೇಮಿನ ಅರ್ಧ ಭಾಗ ನಾವೇ ತುಂಬಿಕೊಂಡೆವು. ಉಳಿದರ್ಧದಲ್ಲಿ ಊರು, ಬೆಟ್ಟ, ದೇವಸ್ಥಾನ ಎಲ್ಲವೂ ಕಾಣಬೇಕು.

ಪರವಾಗಿಲ್ಲ, ಇಷ್ಟಾದರೂ ಇದೆಯಲ್ಲ ಅನ್ನಿಸಬಹುದು. ಆದರೆ ಕ್ಯಾಮೆರಾ ಇದನ್ನೂ ಪೂರ್ತಿ ಕೊಡುವುದಿಲ್ಲ.

ನಡೆಯುತ್ತಾ ಮಾತಾಡುವಾಗ ಅಲುಗಾಟ ತಡೆಯಲು ಡಿಜಿಟಲ್ ಸ್ಟೆಬಿಲೈಸೇಶನ್ ಆನ್ ಮಾಡುತ್ತೀರಿ ಅಲ್ವಾ? ಅದು ಫ್ರೇಮಿನ ಸುತ್ತಲೂ ಸ್ವಲ್ಪ ಕತ್ತರಿಸಿಕೊಂಡೇ ಕೆಲಸ ಮಾಡುವುದು. ಅಂಚಿನಲ್ಲಿ ಜಾಗ ಇದ್ದರೆ ತಾನೇ ಚಿತ್ರವನ್ನು ಅತ್ತಿತ್ತ ಸರಿಸಿ ಅಲುಗಾಟ ಮುಚ್ಚಲು ಆಗುವುದು? ಎಷ್ಟು ಕತ್ತರಿಸುತ್ತದೆ ಅನ್ನುವುದು ಒಂದೊಂದು ಕ್ಯಾಮೆರಾಗೆ ಒಂದೊಂದು ಥರ. 1.3 ಪಟ್ಟು ಅಂತ ಹಿಡಿಯೋಣ. 24 ಹೋಗಿ 31 ಆಯಿತು. 97 ಸೆಂ.ಮೀ. ಹೋಗಿ 75 ಆಯಿತು. ನಿಮ್ಮ ಎಡಕ್ಕೆ 15, ಬಲಕ್ಕೆ 15. ಊರು ಅಷ್ಟರೊಳಗೆ ಇರಬೇಕು.

ಇದರ ಮೇಲೆ 4ಕೆ ಕ್ರಾಪ್ ಬೇರೆ, ಅಂದರೆ 4ಕೆ ವಿಡಿಯೊಗೆ ಕೆಲವು ಕ್ಯಾಮೆರಾಗಳು ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುತ್ತವೆ. ಸೋನಿ ಝಡ್‌ವಿ-ಇ10ರಲ್ಲಿ 4ಕೆಯಲ್ಲಿ ಸೆಕೆಂಡಿಗೆ 24 ಫ್ರೇಮ್ ತೆಗೆದರೆ ಸೆನ್ಸರ್‌ನ ಪೂರ್ತಿ ಅಗಲ ಸಿಗುತ್ತದೆ. ಅದೇ 30 ಫ್ರೇಮಿಗೆ ಹೋದರೆ 1.23 ಪಟ್ಟು ಕ್ರಾಪ್. ಕ್ಯಾನನ್ ಎಂ50ಯದ್ದು ಇನ್ನೂ ಜೋರು. 2018ರಲ್ಲಿ ಬಂದ ಆ ಕ್ಯಾಮೆರಾ ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಓಡಾಡುತ್ತಿದೆ. ಅದರಲ್ಲಿ 4ಕೆ ಹಾಕಿದರೆ ಕಿಟ್ ಲೆನ್ಸ್‌ನ 15 ಮಿ.ಮೀ. ಸುಮಾರು 38ರ ಹಾಗೆ ಕಾಣುತ್ತದೆ. ಕೈಯಳತೆಯಲ್ಲಿ 61 ಸೆಂ.ಮೀ. ಮಾತ್ರ. ಜೊತೆಗೆ ಡ್ಯುಯಲ್ ಪಿಕ್ಸೆಲ್ ಫೋಕಸ್ (ಕ್ಯಾನನ್‌ನ ವೇಗದ ಆಟೋಫೋಕಸ್) ಕೂಡ 4ಕೆಯಲ್ಲಿ ಕೆಲಸ ಮಾಡುವುದಿಲ್ಲ. ಎಂ50 ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟೇ: ಫುಲ್ ಎಚ್‌ಡಿಯಲ್ಲೇ ಶೂಟ್ ಮಾಡಿ, ಚೆನ್ನಾಗಿಯೇ ಬರುತ್ತದೆ. ಇನ್ನೊಂದು ಕಡೆ ನಿಕಾನ್ ಝಡ್30, ಕ್ಯಾನನ್ ಆರ್50 ಇವೆರಡೂ 4ಕೆ 30 ಫ್ರೇಮಿಗೆ ಅಗಲ ಕತ್ತರಿಸುವುದಿಲ್ಲ. ಅಂದರೆ ಇವುಗಳಿಗೆ ಲೆನ್ಸ್ ಹುಡುಕುವವರಿಗೆ ಕೆಲಸ ಸ್ವಲ್ಪ ಸುಲಭ.

ನಾನು ಹೇಳಬೇಕೆಂದು ಬಂದದ್ದು ಇದನ್ನೇ. ಲೆನ್ಸ್ ಮೇಲೆ ಬರೆದ ಅಗಲಕ್ಕೆ ದುಡ್ಡು ಕೊಡಬೇಡಿ. ಕ್ಯಾಮೆರಾ ಎಲ್ಲ ಕತ್ತರಿಸಿಕೊಂಡ ಮೇಲೆ ನಿಮ್ಮ ಕೈಯಳತೆಗೆ ಎಷ್ಟು ಉಳಿಯುತ್ತದೋ ಅದಕ್ಕೆ ಕೊಡಿ. ನನ್ನ ಲೆಕ್ಕದಲ್ಲಿ ಎಲ್ಲ ಕ್ರಾಪ್ ಆದ ಮೇಲೂ ಫುಲ್ ಫ್ರೇಮ್ ಅಳತೆಯಲ್ಲಿ 20 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಉಳಿಯಬೇಕು. 20ಕ್ಕೆ 117 ಸೆಂ.ಮೀ. ಬರುತ್ತದೆ. ನಾವು 45 ತೆಗೆದುಕೊಂಡರೂ ಊರಿಗೆ 70 ಸೆಂ.ಮೀ. ಮೇಲೆ ಉಳಿಯುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದಕ್ಕೆ 10ರಿಂದ 12 ಮಿ.ಮೀ. ಒಳಗಿನ ಲೆನ್ಸ್ ಬೇಕು.

ಹಾಗಾದರೆ ಎಲ್ಲರೂ ಹೇಳುವ ಸಿಗ್ಮಾ 16 ಮಿ.ಮೀ. ಎಫ್ 1.4? ಬಹಳ ಒಳ್ಳೆಯ ಲೆನ್ಸ್. ಚಿತ್ರದ ಗುಣಮಟ್ಟದಲ್ಲಿ ಎರಡು ಮಾತಿಲ್ಲ. ಆದರೆ ಕೈಯಲ್ಲಿ ಹಿಡಿದು ನಡೆಯುವ ವ್ಲಾಗಿಗೆ ನಾನು ಅದನ್ನು ಹೇಳುವುದಿಲ್ಲ. ಅದರ ಅಗಲ ನಿಮ್ಮ ಕಿಟ್ ಲೆನ್ಸ್‌ನ ಅಗಲವೇ, ಅದೇ 24. ತೂಕ 405 ಗ್ರಾಂ. ಝಡ್‌ವಿ-ಇ10 ಬ್ಯಾಟರಿ ಸಮೇತ 343 ಗ್ರಾಂ. ಎರಡೂ ಸೇರಿ ಮುಕ್ಕಾಲು ಕೆ.ಜಿ. ಅದರ ಮೇಲೆ ಮೈಕು. ಅವಲಬೆಟ್ಟದ ಮೆಟ್ಟಿಲು ಹತ್ತುತ್ತಾ ಇಷ್ಟು ಭಾರವನ್ನು ಚಾಚಿದ ಕೈಯಲ್ಲಿ ಹಿಡಿದು ಮಾತಾಡಿ ನೋಡಿ. ಎರಡು ನಿಮಿಷಕ್ಕೆ ಮೊಣಕೈ ಮಡಚಿಕೊಳ್ಳುತ್ತದೆ. ಮಡಚಿದರೆ 65 ಸೆಂ.ಮೀ. 50 ಆಗುತ್ತದೆ. ಇದ್ದ ಅಗಲವೂ ಹೋಯಿತು.

"ಸಾರ್, ಹಾಗಾದ್ರೆ ಜಾಸ್ತಿ ವೈಡ್ ಇದ್ದಷ್ಟೂ ಒಳ್ಳೇದಾ?"

ಇಲ್ಲ. ಎರಡು ತೊಂದರೆ ಇವೆ. ಮೊದಲನೆಯದು ಅಂಚು. ವೈಡ್ ಲೆನ್ಸ್‌ನಲ್ಲಿ ಫ್ರೇಮಿನ ನಡುವೆ ಇರುವ ಮುಖ ಸರಿಯಾಗಿಯೇ ಇರುತ್ತದೆ, ಅಂಚಿಗೆ ಹೋದ ಮುಖ ಪಕ್ಕಕ್ಕೆ ಎಳೆದಂತೆ ಆಗುತ್ತದೆ. ಫುಲ್ ಫ್ರೇಮ್ ಅಳತೆಯಲ್ಲಿ 15 ಮಿ.ಮೀ. ಇದ್ದರೆ, ತೀರಾ ಎಡ ಅಥವಾ ಬಲ ಅಂಚಿನಲ್ಲಿರುವ ತಲೆ ಎತ್ತರಕ್ಕೆ ಹೋಲಿಸಿದರೆ ಸುಮಾರು ಒಂದೂವರೆ ಪಟ್ಟು ಅಗಲ ಕಾಣುತ್ತದೆ. ಇದು ಲೆನ್ಸ್‌ನ ದೋಷ ಅಲ್ಲ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಪರದೆಗೆ ಹರಡಿದರೆ ಹೀಗೆ ಆಗಲೇಬೇಕು. ದುಬಾರಿ ಲೆನ್ಸ್ ತಂದರೂ ಇದು ತಪ್ಪುವುದಿಲ್ಲ. ಸಂತೆಯಲ್ಲಿ ಹೂವಿನ ವ್ಯಾಪಾರ ಮಾಡುವ ಅಜ್ಜಿಯನ್ನು ಮಾತಾಡಿಸುತ್ತೀರಿ ಅಂದುಕೊಳ್ಳಿ. ನೀವು ನಡುವೆ ನಿಂತು ಅವರನ್ನು ಅಂಚಿಗೆ ತಳ್ಳಬೇಡಿ. ಅವರನ್ನು ನಡುವೆ ತನ್ನಿ, ನೀವು ಪಕ್ಕಕ್ಕೆ ಸರಿಯಿರಿ. ವಿಡಿಯೊ ನೋಡಿ ಅವರಿಗೆ ಬೇಜಾರಾಗಬಾರದು.

ಎರಡನೆಯದು ಬೆಟ್ಟ. ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ ಇದೆ. ಊರಿನ ಕಡೆಯಿಂದ ನೋಡಿದರೆ ಆಕಾಶಕ್ಕೆ ಅಡ್ಡ ನಿಂತ ಹಾಗೆ ಕಾಣುತ್ತದೆ. ಅದನ್ನೇ 10 ಮಿ.ಮೀ. ಲೆನ್ಸ್‌ನಲ್ಲಿ ತೆಗೆಯಿರಿ, ಮಣ್ಣಿನ ದಿಬ್ಬ ಆಗಿಬಿಡುತ್ತದೆ. 20 ಮಿ.ಮೀ.ನಲ್ಲಿ ಕಾಣುವ ಗಾತ್ರದ ಅರ್ಧಕ್ಕೆ ಇಳಿಯುತ್ತದೆ. ದೂರದ್ದನ್ನು ಚಿಕ್ಕದು ಮಾಡುವುದು, ಹತ್ತಿರದ್ದನ್ನು ದೊಡ್ಡದು ಮಾಡುವುದು ವೈಡ್‌ನ ಗುಣ. ಹಾಗಾಗಿ ವೈಡ್ ತಂದ ಮೇಲೂ ಕಿಟ್ ಲೆನ್ಸ್ ಮಾರಬೇಡಿ. ಅದರ 50 ಮಿ.ಮೀ. ತುದಿ ಬೆಟ್ಟಕ್ಕೆ ಬೇಕು.

ಹಾಗಿದ್ದರೆ ವೈಡ್ ಎಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ? ಬೆಟ್ಟದ ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಒಂದೇ ಆವರಣದಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಉಮಾಮಹೇಶ್ವರ ಗುಡಿಯ ಮುಂದೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಕಂಬಗಳ ತುಂಬ ಕೆತ್ತನೆ. ಕಂಬದ ಪಕ್ಕ ನಿಂತು ತೋರಿಸಬೇಕು, ಹಿಂದಕ್ಕೆ ಸರಿಯಲು ಜಾಗ ಇಲ್ಲ. ಇಲ್ಲಿ 24ರ ಅಗಲದಲ್ಲಿ ನಿಮ್ಮ ಮುಖ ಮತ್ತು ಒಂದು ಕಂಬ ಬರುತ್ತದೆ. 15ರಲ್ಲಿ ಮಂಟಪ ಬರುತ್ತದೆ. ಶೃಂಗಿ ತೀರ್ಥ ಅನ್ನುವ ಕಲ್ಯಾಣಿಯ ಮೂಲೆಯಲ್ಲಿ ನಿಂತರೂ ಹಾಗೇ. ಮೂಲೆಯಿಂದ ಎರಡೂ ಬದಿಯ ಮೆಟ್ಟಿಲು ಫ್ರೇಮಿನೊಳಗೆ ಬರಬೇಕು ಅಂದರೆ 90 ಡಿಗ್ರಿ ನೋಟ ಬೇಕು. ಫುಲ್ ಫ್ರೇಮ್ ಅಳತೆಯಲ್ಲಿ 18 ಮಿ.ಮೀ.ಗೆ ಸರಿಯಾಗಿ 90 ಡಿಗ್ರಿ ಬರುತ್ತದೆ. ಕಿಟ್‌ನ 24ಕ್ಕೆ 74 ಡಿಗ್ರಿ ಅಷ್ಟೇ. ಅಲ್ಲೇ ನಿಂತು ಎರಡೂ ನೋಡಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಅಂದ ಹಾಗೆ ಇದು ಪುರಾತತ್ವ ಇಲಾಖೆ ನೋಡಿಕೊಳ್ಳುವ ದೇವಸ್ಥಾನ. ಇಂಥ ಕಡೆ ಟ್ರೈಪಾಡ್ ಇಡಲು ಅನುಮತಿ ಬೇಕು. ಕೈಯಲ್ಲೇ ಹಿಡಿದು ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನು ಬೆಳಕು. ದುಡ್ಡಿನ ಪ್ರಶ್ನೆ ನಿಜವಾಗಿ ಇರುವುದು ಇಲ್ಲಿ.

ಅಗಲ ಅಷ್ಟೇ ಬೇಕು ಅಂದರೆ ಲೆನ್ಸ್ ಕಡಿಮೆ ಬೆಲೆಗೆ ಸಿಗುತ್ತದೆ. ಅಗಲವೂ ಬೇಕು, ಕತ್ತಲಲ್ಲೂ ನಡೆಯಬೇಕು ಅಂದರೆ ಬೆಲೆ ಏರುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ, ಅಂದರೆ ಅಪರ್ಚರ್, ದೊಡ್ಡದು. ಎಫ್ 4.5 ಇರುವ ಲೆನ್ಸ್‌ಗಿಂತ ಎಫ್ 1.8 ಇರುವ ಲೆನ್ಸ್ ಆರು ಪಟ್ಟು ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಒಂದರಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹೆಚ್ಚಿಸಿ ತೋರಿಸುವ ಮಟ್ಟ) 6400 ಬೇಕಾದ ಕಡೆ ಇನ್ನೊಂದರಲ್ಲಿ 1000 ಸಾಕು. ಹೊರಗೆ ಬಿಸಿಲಲ್ಲಿ ಇದರಿಂದ ಕಿಂಚಿತ್ತೂ ಉಪಯೋಗ ಇಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕದೊಳಗೆ ಹೋದರೆ ಪೂರ್ತಿ ಬೇರೆ ಕಥೆ. ಇಕ್ಕಟ್ಟು ಜಾಗ, ಗೂಡು ಬೇಯಿಸುವ ನೀರಿನ ಹಬೆ, ಅಲ್ಲೊಂದು ಇಲ್ಲೊಂದು ಬಲ್ಬು. ಅಲ್ಲಿ ಎಫ್ 4.5 ಲೆನ್ಸ್‌ನಲ್ಲಿ ತೆಗೆದರೆ ಕಪ್ಪು ಜಾಗದಲ್ಲೆಲ್ಲ ಮರಳು ಎರಚಿದ ಹಾಗೆ ಕಾಳು ಕಾಳಾಗಿ ಬರುತ್ತದೆ. ಒಳಗೆ ಹೋದ ತಕ್ಷಣ ಲೆನ್ಸ್ ಮೇಲೆ ಹಬೆ ಕೂರುತ್ತದೆ, ಅದಕ್ಕೂ ಒಂದೆರಡು ನಿಮಿಷ ಬಿಡಬೇಕು.

ಹಾಗಾಗಿ ನಿಮ್ಮ ಹಳೆಯ ವಿಡಿಯೊಗಳನ್ನು ಒಮ್ಮೆ ಕೂತು ನೋಡಿ. ಕತ್ತಲಲ್ಲಿ, ಒಳಾಂಗಣದಲ್ಲಿ ತೆಗೆದದ್ದು ಎಷ್ಟಿದೆ? ಹತ್ತರಲ್ಲಿ ಒಂದೋ ಎರಡೋ ಆದರೆ, ಆ ಒಂದೆರಡಕ್ಕಾಗಿ ದುಬಾರಿ ಲೆನ್ಸ್ ತರಬೇಡಿ. ಅಂಥ ಕಡೆ ಸಣ್ಣ ಎಲ್‌ಇಡಿ ಲೈಟ್ ಹಿಡಿದುಕೊಳ್ಳಿ. ಜಾತ್ರೆ, ತೇರು, ರಾತ್ರಿ ತಿಂಡಿ ಅಂಗಡಿ ಇವೇ ನಿಮ್ಮ ಚಾನೆಲ್‌ನ ಜೀವ ಆದರೆ ಆಗ ಬೆಳಕಿಗೆ ದುಡ್ಡು ಹಾಕಿ, ಸುಮ್ನೆ ಜೂಮ್ ಆಸೆಗೆ ಬೀಳಬೇಡಿ.

ಬಲ್ಬು, ಟ್ಯೂಬ್‌ಲೈಟ್ ಇರುವ ಕಡೆ ಇನ್ನೊಂದು ವಿಷಯ. ನಮ್ಮ ಕರೆಂಟು 50 ಹರ್ಟ್ಸ್. ಶಟರ್ ಸೆಕೆಂಡಿಗೆ 50ನೇ ಒಂದು ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ವಿಡಿಯೊದಲ್ಲಿ ಪಟ್ಟೆ ಪಟ್ಟೆ ಮಿನುಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. 60ನೇ ಒಂದು ಭಾಗ ಅನ್ನುವುದು 60 ಹರ್ಟ್ಸ್ ಕರೆಂಟು ಇರುವ ದೇಶಗಳ ಲೆಕ್ಕ. ಹೊಸ ಲೆನ್ಸ್ ತಂದರೂ ಮಿನುಗು ಹೋಗಲಿಲ್ಲ ಅಂತ ದೂರುವವರು ಮೊದಲು ಇದನ್ನು ಸರಿಮಾಡಿಕೊಳ್ಳಬೇಕು.

ಈಗ ಹೆಸರುಗಳಿಗೆ ಬರೋಣ. ಬೆಲೆ ತಿಂಗಳಿಗೊಂದು ಥರ ಇರುತ್ತದೆ, ಹಬ್ಬದ ಆಫರ್‌ನಲ್ಲಿ ಇನ್ನೊಂದು ಥರ. ಅದಕ್ಕೆ ರೂಪಾಯಿ ಲೆಕ್ಕ ಹೇಳುವುದಿಲ್ಲ. ಯಾವುದು ಅಗ್ಗ, ಯಾವುದು ದುಬಾರಿ ಅನ್ನುವ ಸಾಲು ಮಾತ್ರ ಹೇಳುತ್ತೇನೆ.

ಕ್ಯಾನನ್ ಆರ್50, ಆರ್10 ಥರದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇರುವವರಿಗೆ 2023ರಲ್ಲಿ ಬಂದ ಆರ್‌ಎಫ್-ಎಸ್ 10-18 ಇದೆ. 150 ಗ್ರಾಂ ತೂಕ. ಲೆನ್ಸ್‌ನೊಳಗೇ ಸ್ಟೆಬಿಲೈಸೇಶನ್ ಇದೆ, ಅದು ಫ್ರೇಮ್ ಕತ್ತರಿಸುವುದಿಲ್ಲ. ಆರ್50 ಜೊತೆ ಸೇರಿಸಿದರೂ ಅರ್ಧ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 10 ಮಿ.ಮೀ. ಅಂದರೆ ಇಲ್ಲಿ 16. ಕೈಯಳತೆಯಲ್ಲಿ 146 ಸೆಂ.ಮೀ. ಹಗಲಿನ ಪ್ರವಾಸದ ವ್ಲಾಗಿಗೆ ನನ್ನ ಪ್ರಕಾರ ಇವತ್ತು ಸರಿಯಾದ ಲೆಕ್ಕದ ಲೆನ್ಸ್ ಇದು.

ಇದಕ್ಕಿಂತ ಕಡಿಮೆಗೆ ಬೇಕು ಅಂದರೆ ಹಳೆಯ ಡಿಎಸ್‌ಎಲ್‌ಆರ್ ಕಾಲದ ಇಎಫ್-ಎಸ್ 10-18. 2014ರದ್ದು, 240 ಗ್ರಾಂ, ಇದರಲ್ಲೂ ಸ್ಟೆಬಿಲೈಸೇಶನ್ ಇದೆ. ಎಸ್‌ಟಿಎಂ ಮೋಟರ್ ಆದ್ದರಿಂದ ಫೋಕಸ್ ಸದ್ದು ಮಾಡುವುದಿಲ್ಲ. ಮದುವೆ ಫೋಟೋ ತೆಗೆಯುವವರು ಮಿರರ್‌ಲೆಸ್‌ಗೆ ಬದಲಾಗುತ್ತಿರುವುದರಿಂದ ಇಂಥ ಲೆನ್ಸ್‌ಗಳು ಸ್ಟುಡಿಯೊಗಳಲ್ಲಿ ಸುಮ್ನೆ ಕೂತಿರುತ್ತವೆ. ನಿಮ್ಮ ಊರಿನ ಸ್ಟುಡಿಯೊದಲ್ಲೇ ಮೊದಲು ವಿಚಾರಿಸಿ. ಅಡಾಪ್ಟರ್ ಹಾಕಿದರೆ ಆರ್ ಬಾಡಿಗೂ ಕೂರುತ್ತದೆ, ಎಂ ಬಾಡಿಗೂ ಕೂರುತ್ತದೆ, ಆಟೋಫೋಕಸ್ ಸಮೇತ. ಎಂ50 ಇರುವವರು ಇಎಫ್-ಎಂ 11-22 ಹುಡುಕುತ್ತಾರೆ. ಒಳ್ಳೆಯ ಲೆನ್ಸೇ. ಆದರೆ ಎಂ ಸರಣಿ ನಿಂತುಹೋಗಿದೆ, ಆ ಲೆನ್ಸ್ ಆರ್ ಬಾಡಿಗೆ ಕೂರುವುದಿಲ್ಲ. ನಾಳೆ ಬಾಡಿ ಬದಲಾಯಿಸಿದರೆ ಲೆನ್ಸ್ ಕೈಯಲ್ಲೇ ಉಳಿಯುತ್ತದೆ. ಅದಕ್ಕೆ ಇಎಫ್-ಎಸ್ ಕಡೆಗೇ ನನ್ನ ಒಲವು.

ಕ್ಯಾನನ್‌ನಲ್ಲೇ ಆರ್‌ಎಫ್ 16 ಮಿ.ಮೀ. ಎಫ್ 2.8 ಅಂತ ಪುಟ್ಟ ಲೆನ್ಸ್ ಇದೆ, 165 ಗ್ರಾಂ. ಫುಲ್ ಫ್ರೇಮ್ ಬಾಡಿ ಇದ್ದವರಿಗೆ ಬಹಳ ಒಳ್ಳೆಯದು. ಆರ್50ಗೆ ಹಾಕಿದರೆ 26 ಆಗುತ್ತದೆ, ಅದರ 18-45 ಕಿಟ್‌ಗಿಂತ ಸ್ವಲ್ಪವೇ ಅಗಲ, ನಮಗೆ ಬೇಕಾದ 20ಕ್ಕೆ ಸಾಲದು. "ವೈಡ್" ಅಂತ ಬರೆದಿದೆ, ಬೆಲೆ ಕಡಿಮೆ ಇದೆ ಅಂತ ಎಪಿಎಸ್-ಸಿ ಕ್ಯಾಮೆರಾಗೆ ತಂದುಕೊಳ್ಳಬೇಡಿ.

ನಿಕಾನ್ ಝಡ್30, ಝಡ್50 ಇರುವವರಿಗೆ 12-28 ಪವರ್ ಜೂಮ್ ಇದೆ, 205 ಗ್ರಾಂ. 12 ಅಂದರೆ 18. ಕಲ್ಯಾಣಿಯ ಮೂಲೆಗೆ ಸರಿಯಾದ ಅಳತೆ. ಹಳೆಯ ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಎಎಫ್-ಪಿ 10-20 ಅಗ್ಗದಲ್ಲಿ ಸಿಗುತ್ತದೆ. ಆದರೆ ಡಿ3100, ಡಿ3200, ಡಿ5100 ಥರದ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ಸೇ ಆಗುವುದಿಲ್ಲ. ದುಡ್ಡು ಕೊಡುವ ಮುಂಚೆ ನಿಮ್ಮ ಬಾಡಿಗೇ ಹಾಕಿ ನೋಡಿ.

ಸೋನಿಯವರಿಗೆ ಆಯ್ಕೆ ಜಾಸ್ತಿ, ಬೆಲೆಯೂ ಜಾಸ್ತಿ. 2022ರಲ್ಲಿ ಬಂದ 11 ಮಿ.ಮೀ. ಎಫ್ 1.8 ತೂಕ 181 ಗ್ರಾಂ. ಅಗಲವೂ ಇದೆ, ಬೆಳಕೂ ಇದೆ. ರಾತ್ರಿ ಜಾತ್ರೆಯವರಿಗೆ ನಾನು ಹೇಳುವುದು ಇದನ್ನೇ. ಸಿಗ್ಮಾ 10-18 ಎಫ್ 2.8 ಇನ್ನೊಂದು, ಜೂಮ್ ಬೇಕೇ ಬೇಕು ಅನ್ನುವವರಿಗೆ. ಸೋನಿಯ 10-20 ಪವರ್ ಜೂಮ್ ಇವೆರಡಕ್ಕಿಂತ ಮೇಲಿನ ಬೆಲೆ. ಶುರುವಿನಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ.

"ಅಣ್ಣ, ಇವೆಲ್ಲ ನಮ್ಮ ಕೈಗೆ ಎಟುಕಲ್ಲ. ಇದಕ್ಕಿಂತ ಕಡಿಮೆಗೆ ಏನೂ ಇಲ್ವಾ?"

ಇದೆ. ಈ ಪ್ರಶ್ನೆ ಬಂದದ್ದಕ್ಕೆ ಖುಷಿಯಾಯಿತು, ಏಕೆಂದರೆ ಇದರ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಕೈಯಲ್ಲಿ ಫೋಕಸ್ ತಿರುಗಿಸುವ ಲೆನ್ಸ್‌ಗಳು ಹೊಸದರಲ್ಲೇ ಎಲ್ಲಕ್ಕಿಂತ ಅಗ್ಗ. 7ಆರ್ಟಿಸಾನ್ಸ್‌ನವರ 12 ಮಿ.ಮೀ. ಎಫ್ 2.8, ಸ್ಯಾಮ್ಯಾಂಗ್‌ನ 12 ಮಿ.ಮೀ. ಎಫ್ 2 ಮ್ಯಾನುಯಲ್, ಇಂಥವು. ಮ್ಯಾನುಯಲ್ ಫೋಕಸ್ ಅಂದ ತಕ್ಷಣ ವ್ಲಾಗ್ ಮಾಡುವವರು ಬೆದರುತ್ತಾರೆ. ನಡೆಯುತ್ತಾ, ಮಾತಾಡುತ್ತಾ ಫೋಕಸ್ ತಿರುಗಿಸುವುದು ಹೇಗೆ ಅಂತ. ತಿರುಗಿಸುವುದೇ ಬೇಡ. ಲೆನ್ಸ್ ಎಷ್ಟು ವೈಡ್ ಇರುತ್ತದೋ ಅಷ್ಟು ಹೆಚ್ಚು ಆಳದವರೆಗೆ ಚಿತ್ರ ಚುರುಕಾಗಿ ಬರುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 12 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ ಎಫ್ 5.6ಕ್ಕೆ ಇಟ್ಟು, ಫೋಕಸ್ಸನ್ನು 1.3 ಮೀಟರಿಗೆ ನಿಲ್ಲಿಸಿದರೆ, ಸುಮಾರು 65 ಸೆಂ.ಮೀ.ನಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೂ ಎಲ್ಲ ಸ್ಪಷ್ಟವಾಗಿ ಬರುತ್ತದೆ. ನಾವು ಟೇಪಿನಲ್ಲಿ ಅಳೆದದ್ದು ಅದೇ 65! ನಿಮ್ಮ ಮುಖದಿಂದ ನಂದಿಬೆಟ್ಟದ ತುದಿಯವರೆಗೆ ಒಂದೇ ಫೋಕಸ್. ಕೈ ಸ್ವಲ್ಪ ಮಡಚಿದರೂ ಇರಲಿ ಅಂತ ಎಫ್ 8ಕ್ಕೆ ಇಟ್ಟು, ಫೋಕಸ್ಸನ್ನು 90 ಸೆಂ.ಮೀ.ಗೆ ತಂದರೆ, 45 ಸೆಂ.ಮೀ.ನಿಂದಲೇ ಸಿಗುತ್ತದೆ. ಫೋಕಸ್ ಮುಖ ಬಿಟ್ಟು ಹಿಂದಿನ ಮರಕ್ಕೆ ಹೋಗುವ, ಮತ್ತೆ ವಾಪಸ್ ಬರುವ ತಾಪತ್ರಯವೂ ಇಲ್ಲ. ರಿಂಗ್ ಅಲುಗಾಡದ ಹಾಗೆ ಸ್ವಲ್ಪ ಟೇಪ್ ಅಂಟಿಸಿಬಿಡಿ.

ಒಂದು ಎಚ್ಚರ. ಅಗ್ಗದ ಲೆನ್ಸ್‌ಗಳ ರಿಂಗ್ ಮೇಲೆ ಬರೆದ ಮೀಟರ್ ಗುರುತು ಎಲ್ಲ ಸಲ ಸರಿ ಇರುವುದಿಲ್ಲ. ಮನೆಯಲ್ಲಿ 1.3 ಮೀಟರ್ ದೂರಕ್ಕೆ ಪೇಪರ್ ಅಂಟಿಸಿ, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಫೋಕಸ್ ಹಿಡಿದು, ರಿಂಗ್ ಮೇಲೆ ನಿಮ್ಮದೇ ಗುರುತು ಹಾಕಿಕೊಳ್ಳಿ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಕೆಲಸ ಮಾಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಬೇಕು. ಇಲ್ಲದಿದ್ದರೆ ಲೆನ್ಸ್ ಹಾಕಿಲ್ಲ ಅಂತ ಕ್ಯಾಮೆರಾ ಹಟ ಹಿಡಿಯಬಹುದು. ಡಿಜಿಟಲ್ ಸ್ಟೆಬಿಲೈಸೇಶನ್ ಈ ಲೆನ್ಸ್ ಜೊತೆ ನಡೆಯುತ್ತದೆಯೇ ಅಂತ ನಿಮ್ಮ ಬಾಡಿಯಲ್ಲೇ ನೋಡಿಕೊಳ್ಳಿ. ಮತ್ತೆ, ಈ ಉಪಾಯ ಹಗಲಿಗೆ ಮಾತ್ರ. ರಾತ್ರಿ ಬೆಳಕಿಗಾಗಿ ಎಫ್ 2ಕ್ಕೆ ತೆರೆದರೆ ಮುಖ ಮತ್ತು ಹಿನ್ನೆಲೆ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಬಿಸಿಲಿನಲ್ಲಿ ಶೂಟ್ ಮಾಡುವವರಿಗೆ ಎನ್‌ಡಿ ಫಿಲ್ಟರ್ ಬೇಕು, ಅಂದರೆ ಲೆನ್ಸ್ ಮುಂದೆ ಹಾಕುವ, ಬೆಳಕು ತಗ್ಗಿಸುವ ಕಪ್ಪು ಗಾಜು. ಸೆಕೆಂಡಿನ 50ನೇ ಭಾಗದ ಶಟರ್, ಐಎಸ್‌ಒ 100 ಇಟ್ಟರೆ ನಡು ಮಧ್ಯಾಹ್ನ ಎಫ್ 22ರಷ್ಟು ಮುಚ್ಚಬೇಕಾಗುತ್ತದೆ. ಎಫ್ 5.6ರಲ್ಲಿ ಉಳಿಯಬೇಕಾದರೆ ಎನ್‌ಡಿ16 ಸಾಕು, ಎಫ್ 4ರಲ್ಲಿ ಎನ್‌ಡಿ32. ತಿರುಗಿಸುವ ವೇರಿಯಬಲ್ ಎನ್‌ಡಿಯನ್ನು ತೀರಾ ವೈಡ್ ಲೆನ್ಸ್‌ಗೆ ಹಾಕಿದರೆ ಆಕಾಶದಲ್ಲಿ ಕಪ್ಪು ಕಲೆ, ಕೆಲವೊಮ್ಮೆ ಅಡ್ಡಡ್ಡ ಗೆರೆ ಬರುತ್ತದೆ. ಒಂದೇ ಪ್ರಮಾಣದಲ್ಲಿ ಬೆಳಕು ತಡೆಯುವ ಸಾದಾ ಎನ್‌ಡಿ ಒಳ್ಳೆಯದು, ಅಗ್ಗವೂ ಹೌದು. ಮುಂದಿನ ಗಾಜು ಉಬ್ಬಿಕೊಂಡಿದ್ದು ಫಿಲ್ಟರ್ ತಿರುಪು ಇಲ್ಲದ ಲೆನ್ಸ್‌ಗಳೂ ಇವೆ. ವ್ಲಾಗಿಗೆ ಅವನ್ನು ಬಿಟ್ಟುಬಿಡಿ.

ಸೆಕೆಂಡ್ ಹ್ಯಾಂಡ್ ತರುವವರು ಮೊಬೈಲ್ ಟಾರ್ಚ್ ಇಟ್ಟುಕೊಂಡೇ ಹೋಗಿ. ಇದೋ, ಈ ಹಳೆಯ ಲೆನ್ಸ್ ನೋಡಿ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಬೇಕು. ನೇರ ನೋಡಿದರೆ ಏನೂ ಕಾಣುವುದಿಲ್ಲ. ಓರೆ ಮಾಡಿ. ಅಂಚಿನ ಹತ್ತಿರ ಜೇಡನ ಬಲೆಯ ಎಳೆ ಥರ ಬಿಳಿ ಗೆರೆಗಳು ಕಂಡವಾ? ಅದು ಫಂಗಸ್. ಒಂದು ಮಳೆಗಾಲ ಪೂರ್ತಿ ಬ್ಯಾಗಿನೊಳಗೇ ಇದ್ದ ಲೆನ್ಸ್‌ಗಳಲ್ಲಿ ಇದು ಮಾಮೂಲು. ಇಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಬಿಡಿ ಬಿಡಿಯಾಗಿ ಧೂಳಿನ ಕಣ ಇದ್ದರೆ ಚಿಂತೆ ಇಲ್ಲ, ಚಿತ್ರದಲ್ಲಿ ಕಾಣುವುದಿಲ್ಲ. ಮುಂದಿನ ಗಾಜಿನ ಸಣ್ಣ ಗೀರನ್ನೂ ಸಹಿಸಬಹುದು. ಹಿಂದಿನ ಗಾಜಿನ ಗೀರು ಮಾತ್ರ ಬೇಡ, ಅದು ಸೆನ್ಸರ್‌ಗೆ ಹತ್ತಿರ ಇರುವುದರಿಂದ ಚಿತ್ರಕ್ಕೆ ತಾಗುತ್ತದೆ.

ಆಮೇಲೆ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ, ನೇರ ಎದುರು ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೋ ತೆಗೆಯಿರಿ. ನಾಲ್ಕೂ ಮೂಲೆ ದೊಡ್ಡದು ಮಾಡಿ ಓದಿ. ನಾಲ್ಕೂ ಒಂದೇ ಸಮ ಮಸುಕಾಗಿದ್ದರೆ ಅದು ಆ ಲೆನ್ಸ್‌ನ ಗುಣ, ತೊಂದರೆ ಇಲ್ಲ. ಎಡಗಡೆ ಅಕ್ಷರ ಓದಲು ಬರುತ್ತದೆ, ಬಲಗಡೆ ಬರುವುದಿಲ್ಲ ಅಂದರೆ ಒಳಗಿನ ಗಾಜು ಸರಿದಿದೆ. ಯಾವಾಗಲೋ ಬಿದ್ದಿರುವ ಲೆನ್ಸ್ ಅದು. ಬಿಲ್ ಇಲ್ಲದ ಹೊಸ ಲೆನ್ಸ್ ಅಂತ ಕಡಿಮೆಗೆ ಕೊಡುವವರೂ ಇರುತ್ತಾರೆ. ಅದಕ್ಕೆ ಇಲ್ಲಿ ವಾರಂಟಿ ಸಿಗುವುದಿಲ್ಲ, ಅದನ್ನು ಬೆಲೆಯಲ್ಲಿ ಲೆಕ್ಕ ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಹತ್ತಿರದ ಊರು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಒಂದು ದಿನದ ಬಾಡಿಗೆ ಕೊಟ್ಟು ನಿಮ್ಮ ಬಾಡಿಯಲ್ಲಿ, ನಿಮ್ಮ ಸ್ಟೆಬಿಲೈಸೇಶನ್ ಆನ್ ಮಾಡಿ ನೋಡಿದ ಮೇಲೆ ಕೊಂಡರೆ ದುಡ್ಡು ಪೋಲಾಗುವುದಿಲ್ಲ.

"ಮೊಬೈಲಲ್ಲೇ ಅಲ್ಟ್ರಾವೈಡ್ ಇದೆಯಲ್ಲ ಸಾರ್, ಅದು ಸಾಲದಾ?"

ಹಗಲಲ್ಲಿ ಸಾಕು. ಐಫೋನಿನ ಅಲ್ಟ್ರಾವೈಡ್ 13 ಮಿ.ಮೀ. ಅಳತೆಯದು, ನಾವು ಹೇಳಿದ ಎಲ್ಲಕ್ಕಿಂತ ಅಗಲ. ಆದರೆ ಅದರ ಸೆನ್ಸರ್ ಮುಖ್ಯ ಕ್ಯಾಮೆರಾದ್ದಕ್ಕಿಂತ ಚಿಕ್ಕದು. ಸಂಜೆಯಾದ ಮೇಲೆ ಗೊತ್ತಾಗುತ್ತದೆ. ಕ್ಯಾಮೆರಾ ಇನ್ನೂ ಕೊಂಡಿಲ್ಲ ಅನ್ನುವವರು ಅವಸರ ಮಾಡಬೇಡಿ, ಮೊದಲು ಒಂದು ಒಳ್ಳೆಯ ಮೈಕ್ ತಂದುಕೊಳ್ಳಿ. ಗಾಳಿ ಸದ್ದಿನಲ್ಲಿ ಮಾತು ಕೇಳಿಸದ ವಿಡಿಯೊವನ್ನು ಯಾವ ಲೆನ್ಸೂ ಉಳಿಸುವುದಿಲ್ಲ. ಮೊಬೈಲಿಗೆ ಕ್ಲಿಪ್ ಹಾಕುವ ವೈಡ್ ಗಾಜುಗಳು ಸಿಗುತ್ತವೆ. ಅಂಚೆಲ್ಲ ಮಸುಕಾಗಿ ಬಣ್ಣದ ಗೆರೆ ಬರುತ್ತದೆ, ತರಬೇಡಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಂಗಿ ಕೇಳಿದ್ದು: "ನಾನು ಯೂಟ್ಯೂಬಿಗೂ ಹಾಕ್ತೀನಿ, ಅದನ್ನೇ ಕಟ್ ಮಾಡಿ ರೀಲ್ಸ್‌ಗೂ ಹಾಕ್ತೀನಿ. ರೀಲ್ಸ್‌ನಲ್ಲಿ ಬರೀ ಮುಖಾನೇ ಬರುತ್ತೆ, ಯಾಕೆ?"

ಅದೂ ಅಗಲದ ಲೆಕ್ಕವೇ, ಅಮ್ಮಾ. ಅಡ್ಡ ವಿಡಿಯೊದ ನಡುವಿನಿಂದ ಉದ್ದ ಪಟ್ಟಿ ಕತ್ತರಿಸಿದರೆ ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಅಗಲ ಉಳಿಯುತ್ತದೆ. ಕಿಟ್ ಲೆನ್ಸ್‌ನ 97 ಸೆಂ.ಮೀ. ಅಲ್ಲಿ ಸುಮಾರು 31 ಆಗಿಬಿಡುತ್ತದೆ, ಭುಜ ಕೂಡ ಹಿಡಿಸುವುದಿಲ್ಲ. 10 ಮಿ.ಮೀ. ಲೆನ್ಸ್ ಇದ್ದರೆ 49 ಸೆಂ.ಮೀ. ಉಳಿಯುತ್ತದೆ, ಭುಜ ಹಿಡಿಸುತ್ತದೆ, ಅಷ್ಟೇ. ಅದಕ್ಕೇ ರೀಲ್ಸ್‌ಗೆ ಬೇಕಾದ ಒಂದೆರಡು ಮಾತನ್ನು ಅಲ್ಲೇ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದು ಬೇರೆಯಾಗಿ ಶೂಟ್ ಮಾಡಿಕೊಳ್ಳಿ. ಅದೇ 10 ಮಿ.ಮೀ.ನಲ್ಲಿ ಆಗ 88 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಎತ್ತರ ಬರುತ್ತದೆ. ಗೋಪುರ, ಧ್ವಜಸ್ತಂಭ ತೋರಿಸಬೇಕಾದಾಗ ಈ ಎತ್ತರವೇ ನಿಮಗೆ ಅನುಕೂಲ. ಮುಖ ಫ್ರೇಮಿನ ನಡುವಿಗಿಂತ ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ. ತೀರಾ ಕೆಳಗೆ ತಂದರೆ ಗದ್ದ ಎಳೆದಂತೆ ಕಾಣುತ್ತದೆ. ಗ್ರಿಪ್ ಕೊಳ್ಳುವಾಗ ಕ್ಯಾಮೆರಾವನ್ನು ಹೀಗೆ ಉದ್ದಕ್ಕೆ ತಿರುಗಿಸಿ ಹಾಕಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ಸಿಕ್ಕಿಸಿ ನೋಡಿ, ಎಲ್ಲ ಗ್ರಿಪ್‌ನಲ್ಲೂ ಬರುವುದಿಲ್ಲ.